ಓದಿ ಹೇಳಲಾಗಿದೆ

ಅಕ್ಕಲಕೋಟೆ ಕೋರ್ಟಿನ ಹಿಂದೆ, ಝೆರಾಕ್ಸ್ ಅಂಗಡಿಯ ಪತ್ರಾಸಿನ ಕೆಳಗೆ
ಇಪ್ಪತ್ತಾರು ವರ್ಷದಿಂದ ಟೈಪು ಮಾಡುತ್ತೇನೆ.
ಬಾಯೊಳಗೆ ಕನ್ನಡ, ಬೆರಳೊಳಗೆ ಮರಾಠಿ.

ಪ್ರತಿಜ್ಞಾಪತ್ರದ ಬುಡದಲ್ಲಿ ಒಂದು ಸಾಲು ಇರುತ್ತದೆ:
'ಮೇಲಿನ ಮಜಕೂರು ಕನ್ನಡದಲ್ಲಿ ಓದಿ ಹೇಳಲಾಗಿದೆ,
ಬರೋಬರಿ ಇದೆಯೆಂದು ಒಪ್ಪಿದ್ದಾರೆ.'
ಕನ್ನಡದಲ್ಲಿ ಓದಿ ಹೇಳಿದ್ದೇವೆಂದು, ಮರಾಠಿಯಲ್ಲಿ.
ಅದನ್ನು ನಾನು ಬರೆಯುವುದಲ್ಲ, ಬೆರಳೇ ಬರೆಯುತ್ತದೆ.
ಆಗ ನಾನು ಚಹಾದವನನ್ನು ಕೂಗುತ್ತಿರುತ್ತೇನೆ.

ತೋಳನೂರಿನ ಮಾದೇವಿ ಬಿರಾಜದಾರ
ತವರಿನ ಎರಡೆಕರೆ ಅಣ್ಣನಿಗೆ ಬಿಟ್ಟುಕೊಟ್ಟಳೆಂದು
ಹೀಗೇ ಒಂದು ಕಾಗದ ಆಯಿತು, ಜೂನ್ ಹದಿನಾಲ್ಕಕ್ಕೆ.
ಹೆಬ್ಬೆಟ್ಟು ಅವಳದೇ,
ರೇಷನ್ ಕಾರ್ಡಿಗೆಂದು ಎಂದೋ ಒತ್ತಿಸಿಕೊಂಡದ್ದು.
ಕೆಳಗೆ ವಕೀಲ ಧುಂಡಪ್ಪ ಕಲಶೆಟ್ಟಿ, ಹಸಿರು ಮಸಿಯ ಸಹಿ.

ಆ ದಿನ ಮಾದೇವಿ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯಲ್ಲಿ
ಮಗಳ ಹೆರಿಗೆಗೆ ನಿಂತಿದ್ದಳು.
ಕೂಸಿನ ಜನನ ಪತ್ರದಲ್ಲಿ ಅದೇ ತಾರೀಖು.
ಬಾಣಂತಿ ಮರಾಠಿ ಶಾಲೆ ಓದಿದವಳು,
ಎರಡೂ ಕಾಗದ ಪಕ್ಕಪಕ್ಕ ಹಿಡಿದವಳು ಅವಳೇ.

ತಕರಾರು ಬಂತು. ಸಾಹೇಬರು ತಾವೂ ಒಂದು ಪ್ರತಿಜ್ಞಾಪತ್ರ ಮಾಡಿದರು,
'ಆಕೆ ಬಂದಿದ್ದಳು, ಬಿಸಿಲಿಗೆ ದಣಿದು ನೀರು ಕೇಳಿ ಕುಡಿದಳು.'
ಆ ನೀರನ್ನೂ ನಾನೇ ಟೈಪು ಮಾಡಿದ್ದು.

ಶಿಸ್ತು ಸಮಿತಿ. ಮೂರು ಕರಿ ಕೋಟು, ಒಂದು ಫ್ಯಾನು.
'ಟೈಪ್ ಮಾಡಿದಾಂವ ನೀನೇನು?'
'ಹೌದ್ರಿ.'
'ಆಕಿ ಬಂದಿದ್ಳು?'
'ಇಲ್ರಿ.'
ಸಾಹೇಬರು ನನ್ನ ಕಡೆ ನೋಡಲಿಲ್ಲ.
ನನ್ನ ಮೂಗಿನ ಮೇಲಿನ ಕನ್ನಡಕ ಅವರು ಕೊಡಿಸಿದ್ದು.

'ಇಂಥಾದ್ದು ಹಿಂದ ಆಗಿತ್ತೇನು? ಪ್ರಮಾಣ ಮಾಡಿ ನಿಂತೀಯಪಾ, ಲಕ್ಷ್ಯ ಇರ್ಲಿ.'

ಎಷ್ಟು ಹೆಬ್ಬೆಟ್ಟು. ಬಳೆ ತೊಟ್ಟ ಕೈ, ಸುಣ್ಣ ಹತ್ತಿದ ಕೈ,
ನಡುಗುವ ಕೈಯನ್ನು ಮಗನೇ ಹಿಡಿದು ಒತ್ತಿಸಿದ್ದು,
ನೀಲಿ ಮಸಿಯನ್ನು ನನ್ನ ಮೇಜಿನ ಅಂಚಿಗೆ ಒರೆಸಿ ಎದ್ದು ಹೋದವರು.
ಆ ಅಂಚು ಈಗಲೂ ನೀಲಿಯೇ.

'ಇಲ್ರಿ,' ಅಂದೆ. 'ಇದೊಂದ ಸಲ.'

ಸಾಹೇಬರ ಸನದು ಒಂದು ವರ್ಷ ಅಮಾನತು.
ವಕೀಲನ ಮಾತಿಗೆ ಎರಡನೆಯ ಸಾಕ್ಷಿ ಬೇಕಾಗಬಾರದು ಎಂದು
ಹಿರಿಯರು ತೀರ್ಪಿನಲ್ಲಿ ಬರೆದರಂತೆ.
ಒಳ್ಳೆಯ ಮಾತು. ಯಾರೋ ಟೈಪು ಮಾಡಿರಬೇಕು.
ಕೊರಳ ಬಿಳಿಪಟ್ಟಿ ಬಿಚ್ಚಿ, ಮಡಚಿ ಕಿಸೆಗಿಟ್ಟು
ನನ್ನ ಚಹಾದ ರೊಕ್ಕವನ್ನೂ ಕೊಟ್ಟು ಹೋದರು ಸಾಹೇಬರು.
ಈ ಸಲ ತೊಗರಿ ಅಣ್ಣನೇ ಬಿತ್ತಿದ್ದಾನೆ.
ನನಗೆ ಸನದಿಲ್ಲ, ಕಸಿದುಕೊಳ್ಳಲು.

ಹೇಳಿಕೆ ಮುಗಿದ ಮೇಲೆ ಮೂರು ಹಾಳೆ ಮುಂದಿಟ್ಟು
ಹುಡುಗನೊಬ್ಬ ಪೆನ್ನು ಕೊಟ್ಟಿದ್ದ.
ಬುಡದಲ್ಲಿ ಆ ಸಾಲು,
ಓದಿ ಹೇಳಲಾಗಿದೆ, ಬರೋಬರಿ ಇದೆ.
ಯಾರೂ ಓದಿ ಹೇಳಿರಲಿಲ್ಲ.
ಹುಡುಗ ಕಿಟಕಿಯಾಚೆ ಚಹಾದವನನ್ನು ಕೂಗುತ್ತಿದ್ದ.
ನನಗೆ ಐದರ ಬಸ್ಸು ಹಿಡಿಯಬೇಕಿತ್ತು.
ಸಹಿ ಹಾಕಿದೆ.