ಹನಿ ತಾಳದ ಬಟ್ಟೆಯ ಮೇಲೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ರದ್ದಿ ಅಂಗಡಿಯಲ್ಲಿ
ತೂಕಕ್ಕೆ ಬಿದ್ದಿತ್ತು ಆ ರಷ್ಯನ್ ಪತ್ರಿಕೆ.
ನಡುವಿನ ಹಾಳೆ ಬಿಚ್ಚಿದರೆ ಒಂದು ಹಡಗು:
ಪಕ್ಕದಿಂದ, ಮೇಲಿಂದ, ಅಡ್ಡ ಸೀಳಿ.
ಐದಕ್ಷರದ ಹೆಸರು. ಎಚ್, ಓ, ಬಿ,
ಕನ್ನಡಿಯಲ್ಲಿ ಕಂಡಂಥ ಎನ್ನು, ಆಮೇಲೆ ಕೆ.
ಎಚ್ ಅಂದರೆ ಹಾಸನ, ನಮ್ಮದೇ ಇರಬೇಕು
ಅಂತ ನಕ್ಕು ಎರಡು ರೂಪಾಯಿ ಕೊಟ್ಟೆ.

ಭಾಷೆ ಬಾರದು. ಅಂಕಿ ಬರುತ್ತದೆ.
ಮೂವತ್ತೊಂದು ವರ್ಷ ನೀರಾವರಿ ಕಚೇರಿಯಲ್ಲಿ ಟ್ರೇಸರು;
ಎಂಜಿನಿಯರು ಪೆನ್ಸಿಲಲ್ಲಿ ಗೀಚಿದ್ದನ್ನು
ಮಸಿಯಲ್ಲಿ ನಿಜ ಮಾಡುವುದು ನನ್ನ ಕೆಲಸ.
ಗೊರೂರು ಕಟ್ಟೆಯ ನೀರು ನಿಲ್ಲುವ ಗೆರೆ,
ಅದರಲ್ಲೊಂದು ಹಾಳೆ ಈ ಕೈಯದೇ.
ಗೆರೆಯೊಳಗಿನ ಊರುಗಳ ಹೆಸರೂ ನಾನೇ ಬರೆದೆ,
ಅಂದವಾಗಿ, ಒಂದೇ ಎತ್ತರದ ಅಕ್ಷರದಲ್ಲಿ.

ನಿವೃತ್ತಿಯ ದಿನ ಹಾರದ ಜೊತೆ ಮನೆಗೆ ಬಂದದ್ದು
ಯಾರಿಗೂ ಬೇಡದ ಒಂದು ಸುರುಳಿ ಟ್ರೇಸಿಂಗ್ ಬಟ್ಟೆ.
ತಿಳಿನೀಲಿ, ಗಂಜಿ ಹಾಕಿ ಉಜ್ಜಿ ಹೊಳಪಿಟ್ಟದ್ದು.
ಹಳೆ ನಕ್ಷೆ ಸಿಕ್ಕರೆ ನಾವು ನೆನೆಹಾಕಿ ಒಗೆದು
ಕೂಸುಗಳಿಗೆ ಜುಬ್ಬ ಹೊಲಿಯುತ್ತಿದ್ದೆವು;
ಗಂಜಿ ಬಿಟ್ಟಾಗ ಸೇತುವೆ, ತೂಬು, ಕಾಲುವೆ
ಬಕೆಟ್ಟಿನಲ್ಲಿ ಕಪ್ಪಗೆ ಕರಗುತ್ತಿದ್ದವು.

ಆ ಸುರುಳಿಯ ಮೇಲೆ ಹಡಗು ಎಳೆಯತೊಡಗಿದೆ.
ಉದ್ದ ನೂರ ಹತ್ತು ಮೀಟರು, ಅಗಲ ಹನ್ನೆರಡು ಚಿಲ್ಲರೆ.
ಇದೇನು ಹಡಗೋ, ಹೊಲಿಗೆ ಸೂಜಿಯೋ!
ಒಂದೇ ಕೂವೆಮರ, ಮೂರು ಹೊಗೆಕೊಳವೆ,
ಹಿಂದೆ ನೀರೊಳಗೆ ಮೂರು ತಿರುಪು,
ದೊಡ್ಡದೆನ್ನುವ ಫಿರಂಗಿ ಆರೇ ಆರು, ಅವೂ ಸಣ್ಣವು.
ಮಿಕ್ಕ ಹೊಟ್ಟೆಯೆಲ್ಲ ಬಾಯ್ಲರು. ಎಣಿಸಿದೆ: ಹನ್ನೆರಡು.
ಓಡುವುದಕ್ಕಾಗಿ ಏನೇನು ಬಿಟ್ಟುಕೊಟ್ಟಿದ್ದಾರೆ
ಎನ್ನುವುದು ಗೆರೆಯ ದಪ್ಪದಲ್ಲೇ ಗೊತ್ತಾಗುತ್ತದೆ.
ಬಾಯ್ಲರುಗಳ ಮೇಲೆ ಆಮೆಯ ಬೆನ್ನಂತೆ ಬಾಗಿದ ಉಕ್ಕು,
ನಡುವೆ ಮೂವತ್ತು ಮಿಲಿಮೀಟರು, ಇಳಿಜಾರಿನಲ್ಲಿ ಐವತ್ತು;
ನನ್ನ ಅಡುಗೆಮನೆಯ ಕಡಪ ಕಲ್ಲಿಗೂ ಆ ನಡುವಿಗೂ ಒಂದೇ ಮೈ.
ಪಕ್ಕದ ಗೋಡೆಗೆ ಅದೂ ಇಲ್ಲ, ಬರೀ ತಗಡು.

ಸಂಜೆ ಪೀರಾನ್ ಸಾಬರು ಬಂದರು.
ಪೆನ್ಷನ್ ಮೊಹಲ್ಲದಲ್ಲಿ ನಮ್ಮಿಬ್ಬರದೂ ಪೆನ್ಷನ್ನೇ;
ಅವರದು ರೈಲ್ವೆ, ಅರಸೀಕೆರೆ ಶೆಡ್ಡು, ಫೈರ್‌ಮನ್.
ಕನ್ನಡಕ ಹಣೆಗೇರಿಸಿ ಅಡ್ಡಸೀಳಿನ ಮೇಲೆ ಬಗ್ಗಿದರು.
"ಬಾಯ್ಲರ್ ಎರಡೂ ಪಕ್ಕ ಈ ಖಾಲಿ ಚೌಕ ಏನು?"
ಇದ್ದಲ ಕೋಣೆ ಇರಬೇಕು ಅಂದೆ.
ತುಂಬ ಹೊತ್ತು ಮಾತಿಲ್ಲ.
"ಬದ್ಮಾಶ್ ಬುದ್ಧಿವಂತರು, ವನಮಾಲಮ್ನೋರೆ.
ತಗಡು ತೆಳು ಅಂತ ಇದ್ದಲನ್ನೇ ಗೋಡೆ ಮಾಡವ್ರೆ.
ಗುಂಡು ಬಂದ್ರೆ ಮೊದ್ಲು ಇದ್ದಲಿಗೆ ಬೀಳ್ಲಿ ಅಂತ.
ಆದ್ರೆ ಓಡ್ಬೇಕಂದ್ರೆ ಉರಿಸ್ಬೇಕಲ್ವ?
ಜೋರಾಗಿ ಓಡಿದಷ್ಟೂ ಗೋಡೆ ಸವೀತದೆ.
ಸಲಿಕೆ ಹಿಡ್ದೋನು ತನ್ನ ಗೋಡೆ ತಾನೇ ಎತ್ತಿ
ಒಲೆಗೆ ಹಾಕ್ತಾನೆ."

ನನ್ನ ಪೆನ್ನಿನ ತುದಿಯಲ್ಲಿ ಮಸಿ ಒಣಗಿತು.
"ಅವ್ನು ನಿಲ್ಲೋ ಜಾಗ ತೋರ್ಸಿ," ಅಂದರು.
ಎಲ್ಲಿಂದ ತೋರಿಸಲಿ. ನಕ್ಷೆಯಲ್ಲಿ ಅವನಿಲ್ಲ.
ಇನ್ನೂರಕ್ಕೆ ಒಂದರ ಅಳತೆಯಲ್ಲಿ ಮನುಷ್ಯ ಎಂಟು ಮಿಲಿಮೀಟರು.
ಸಣ್ಣ ನಿಬ್ಬು ಸಿಕ್ಕಿಸಿ, ಎರಡು ಬಾಯ್ಲರ ನಡುವೆ
ಒಬ್ಬನನ್ನು ನಿಲ್ಲಿಸಿದೆ.
"ಬಗ್ಗಿರ್ಬೇಕು. ಯಾರೂ ನೆಟ್ಟಗೆ ನಿಂತು ಹಾಕಲ್ಲ."
ಬ್ಲೇಡಿನಿಂದ ಕೆರೆದು ಬಗ್ಗಿಸಿದೆ; ಆರು ಮಿಲಿಮೀಟರಾದ.

ಚಹಾ ಲೋಟ ಇಡುವಾಗ ಸಾಬರ ಕೈ ನಡುಗಿ
ತಳದ ಒಂದು ಹನಿ ಹಡಗಿನ ಹಿಂಬದಿಗೆ ಬಿತ್ತು.
ಈ ಬಟ್ಟೆ ಒಂದು ಹನಿ ತಾಳದು. ಕಚೇರಿಯಲ್ಲಾದರೆ
ಬೆವರಿಗೂ ಬೈಗುಳ, ಕೈಕೆಳಗೆ ಸದಾ ಬ್ಲಾಟಿಂಗ್ ಪೇಪರು.
ಗಂಜಿ ಉಬ್ಬಿತು, ಹೊಳಪು ಹೋಯಿತು,
ಮೂರು ತಿರುಪಿನಲ್ಲಿ ಒಂದು ಹೊಗೆಯಂತೆ ಹರಡಿತು.
"ಅಯ್ಯೋ, ಹಾಳ್ಮಾಡ್ಬಿಟ್ಟೆ."
ಇರಲಿ ಬಿಡಿ ಅಂದೆ. ತಿದ್ದಲಿಲ್ಲ.

ಅವರಿಗೆ ಸಮಾಧಾನವಿಲ್ಲ. ಚಪ್ಪಲಿ ಮೆಟ್ಟಿಕೊಂಡವರು
ಬಾಗಿಲಿಂದ ಮತ್ತೆ ಬಂದು ನೋಡಿದರು.
"ಎರಡು ಇನ್ನೂ ತಿರುಗ್ತವಲ್ಲ," ಅಂದರು,
"ನಿಧಾನ ಹೋಗ್ಲಿ. ಇದ್ದಲು ಉಳೀತದೆ."