ಠರಾವು ಹದಿನೇಳು

ಪತ್ರ ಟೈಪು ಮಾಡಿದವನು ನಾನು.
ಬೈತಖೋಲ ಬಂದರದ ಮೀನುಗಾರರ ಸಂಘ, ಬರ್ಫದ ವಿಭಾಗ,
ತೂಕದ ಕಟ್ಟೆಯ ಪುರ್ಸೊ ದುರ್ಗೇಕರ ಅವರಿಗೆ—
ಅಲ್ಲಿ ಒಂದು ಗಳಿಗೆ ನಿಂತೆ.
ಹನ್ನೊಂದು ವರ್ಷ ‘ಏ ಪುರ್ಸೊ’ ಎಂದವನಿಗೆ
ಮೊದಲ ಸಲ ‘ಅವರು’ ಹಚ್ಚಿದ್ದು
ಕೆಲಸದಿಂದ ತೆಗೆಯುವಾಗ.

ಕಾರಣ: ಭಾನುವಾರದ ಸಂತೆಯಲ್ಲಿ, ಹಾಡಹಗಲು,
ಹೆಂಡತಿಯ ಕೂದಲು ಹಿಡಿದೆಳೆದು
ಕೊತ್ತಂಬರಿ ರಾಶಿಯ ಮೇಲೆ ಕೆಡವಿ...
ಯಾರದೋ ಫೋನಿನಲ್ಲಿ ಅದು ಇಪ್ಪತ್ತಾರು ಸೆಕೆಂಡು.
ಕೋಡಿಬಾಗದಿಂದ ಮಾಜಾಳಿಯ ತನಕ ಸಂಜೆಯೊಳಗೆ ಎಲ್ಲರೂ ನೋಡಿದರು,
ಕೆಲವರು ಎರಡೆರಡು ಸಲ.
ನಾನು ಬರೆದದ್ದು:
‘ಕೆಲಸದ ವೇಳೆಯ ಹೊರಗೆ, ಸಂಘದ ಘನತೆಗೆ ಕುಂದು.’

ಹೊರಗೆ ಎಂಬುದು ಎಲ್ಲಿಂದ ಶುರು?
ಮೈಗೆ ಹತ್ತಿದ ಮೀನಿನ ವಾಸನೆ
ಗೇಟಿನಲ್ಲಿ ಸಹಿ ಮಾಡಿ ಇಳಿದು ಹೋಗುವುದಿಲ್ಲ.
ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುವುದು
ಕೆಲಸದ ಒಳಗೋ, ಹೊರಗೋ?
ಬೈಲಾದಲ್ಲಿ ಇದಕ್ಕೆ ಕಲಮಿಲ್ಲ.

ಸಭೆ ಎರಡೂವರೆ ತಾಸು, ಚಹಾ ಎರಡು ಸಲ.
ಪುಟ ತಿರುವಿ ತಿರುವಿ ಅಧ್ಯಕ್ಷ ರಾಯ್ಕರರ
ಬೆರಳಿನ ಉಗುಳು ಒಣಗಿತು.
ಗೇಟಿನ ಆಚೆಗೆ ಅವನು ನಮ್ಮವನಲ್ಲ, ಎಂದರು ಒಬ್ಬರು.
ತೂಕದಲ್ಲಿ ಒಂದು ತಾರ್ಲೆಯಷ್ಟೂ ಮೋಸ ಮಾಡಿದವನಲ್ಲ,
ಬಂಗಡೆ ಬಿದ್ದ ರಾತ್ರಿಗಳಲ್ಲಿ ಕಣ್ಣು ಮುಚ್ಚಿದವನಲ್ಲ.
ಹೌದು, ಎಂದರು ಎಲ್ಲರೂ. ಹೌದೇ ಆಗಿತ್ತು.
ಫೋನಿನಲ್ಲಿದ್ದದ್ದೂ ಹೌದೇ ಆಗಿತ್ತು.

ಬುದವಂತಿ ಮಾಜಾಳಿಕರ, ಮೀನು ಮಾರುವ ಹೆಂಗಸರ ಪರವಾಗಿ ಬಂದವಳು,
ಅಲ್ಲಿಯ ತನಕ ಎಲೆ ಜಗಿಯುತ್ತಿದ್ದವಳು,
ಕಿಟಕಿಗೆ ಹೋಗಿ ಉಗಿದು ಬಂದು ಅಂದಳು:
“ನಾಳೆ ನನ್ನ ಬುಟ್ಟಿ ಎತ್ತಿ ಅವನು ತಕ್ಕಡಿಗೆ ಇಡ್ತಾನಲ್ಲ,
ಆಗ ನಾನು ಮುಳ್ಳು ನೋಡೋದೋ, ಕೈ ನೋಡೋದೋ?”
ಏಳು ಕೈ ಮೇಲೆದ್ದವು. ಮೂರು ಮೇಜಿನ ಮೇಲೇ ಉಳಿದವು.
ಕಾರಕೂನನಿಗೆ ಮತವಿಲ್ಲ.
ನೀನು ಆ ದಿನ ಸಂತೆಗೆ ಹೋಗಿದ್ದೆಯಾ ಎಂದು
ಯಾರೂ ಕೇಳಲಿಲ್ಲ.

ಮಂಗಳವಾರ ಪತ್ರ ತೆಗೆದುಕೊಂಡ.
ಓದಲಿಲ್ಲ, ನಾಲ್ಕಾಗಿ ಮಡಿಚಿದ.
ರಬ್ಬರ್ ಬೂಟು ತೊಳೆದು ಬೋರಲು ಇಟ್ಟ,
ನೀರಿಳಿಯಲೆಂದು, ನಾಳೆಯೂ ಬರುವವನ ಹಾಗೆ.
ತಕ್ಕಡಿಯ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿ ಹೋದ.
ನನಗೆ ಕನಿಕರ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.
ಆಮೇಲೆ ಹಸಿವಾಯಿತು, ಊಟಕ್ಕೆ ಹೋದೆ.

ಶುಕ್ರವಾರ ಅವಳು ಬಂದಳು, ಶೇವಂತಿ.
ಹುಬ್ಬಿನ ಮೇಲಿನ ಹೊಲಿಗೆ ಇನ್ನೂ ಬಿಚ್ಚಿಲ್ಲ.
ಕುರ್ಚಿ ತೋರಿಸಿದೆ, ಕೂರಲಿಲ್ಲ.
ಗಂಡನ ಕೆಲಸ ಬೇಡಲು ಬಂದಳೆಂದುಕೊಂಡು
ಅಧ್ಯಕ್ಷರು ಊರಲ್ಲಿಲ್ಲ ಎಂಬ ಸುಳ್ಳನ್ನು
ನಾಲಿಗೆಯ ತುದಿಗೆ ತಂದಿಟ್ಟುಕೊಂಡೆ.

“ಬೆಳಗಿನ ನಾಲ್ಕರಿಂದ ಮಧ್ಯಾಹ್ನ ಎರಡರ ತನಕ ಅವ ನಿಮ್ಮಲ್ಲಿ.
ಆ ಹತ್ತು ತಾಸು ನನ್ನ ರಜೆ.
ಒಲೆ ಹಚ್ಚುವ ಮುಂಚೆ
ಸುಮ್ಮನೆ ಕಾಲು ಚಾಚಿ ಕೂರ್ತಿದ್ದೆ.
ಈಗ ದಿನವಿಡೀ ಮನೆಯಲ್ಲೇ.
ನಿಮ್ಮ ಪತ್ರ ಗೋಡೆಗೆ ಹಚ್ಚಿದ್ದಾನೆ, ಅನ್ನದ ಅಗುಳಿನಿಂದ,
ನಾನು ನೋಡ್ತಾ ಇರಲಿ ಅಂತ.”

ತೆಗೆದದ್ದು ತಪ್ಪಾ, ಎಂದೆ.
“ತಪ್ಪು ಅಂದೆನಾ? ಇಟ್ಟುಕೊಂಡಿದ್ರೆ
ನಾನೇ ಬಂದು ಉಗೀತಿದ್ದೆ.”
ಬರ್ಫ ಪುಡಿಮಾಡುವ ಯಂತ್ರ ಶುರುವಾಯಿತು.
ಅದು ನಿಲ್ಲುವ ತನಕ ಕಾದಳು.
“ತೂಕ ನನಗೂ ಬರ್ತದೆ.
ಆ ಜಾಗ ಖಾಲಿ ಉಂಟಲ್ಲ?”

ಅದಕ್ಕೆ ಅರ್ಜಿ ಬೇಕು, ಠರಾವು ಬೇಕು,
ಮುಂದಿನ ಸಭೆ ಹುಣ್ಣಿಮೆ ಕಳೆದ ಮೇಲೆ...
ನಾನು ಹೇಳುತ್ತಲೇ ಇದ್ದೆ.
ಹಾಳೆ ಕೇಳಿದಳು, ಕೊಟ್ಟೆ. ಪೆನ್ನು ಕೊಟ್ಟೆ.
ಮೇಜಿನ ತುದಿಯಲ್ಲಿ ನಿಂತೇ ತನ್ನ ಹೆಸರು ಬರೆದಳು,
ವಯಸ್ಸು ಮೂವತ್ತಾರು ಎಂದು ಬರೆದಳು,
ತಲೆ ಎತ್ತದೆ ಕೇಳಿದಳು:

“ಆ ಭಾನುವಾರ ನಿಮ್ಮ ಬಸಳೆಯ ಕಟ್ಟು
ಎಷ್ಟಕ್ಕೆ ಕೊಟ್ಟರು, ಕಾರಕೂನರೇ?”