ಆಫ್‌ಸೈಡ್

ನಾನು ಆಡಿದವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.
ಹನ್ನೆರಡನೆಯವಳು.
ನಿಂಬೆಹಣ್ಣು ಹೋಳು ಮಾಡಿ ಉಪ್ಪು ಸವರಿ ಕೊಡುವವಳು,
ಬಳೆ, ಓಲೆ, ಚಪ್ಪಲಿ ಕಾಯುವವಳು.

ಎಪ್ಪತ್ತಾರನೇ ಇಸವಿ, ಅಶೋಕಪುರಂ,
ರೈಲ್ವೆ ವರ್ಕ್‌ಶಾಪಿನ ಹಿಂದಿನ ಬಯಲು.
ಗೆರೆಗೆ ಸುಣ್ಣ ಸಾಲದೆ ಮೂಲೆಗಳಿಗೆ
ನಮ್ಮವ್ವನ ಒಲೆಯ ಬೂದಿ.
ಲೈನ್‌ಮನ್ ಬರಲಿಲ್ಲ. ಹುಡುಗೀರಾಟಕ್ಕೆ ಯಾರು ಬರ್ತಾರೆ?
ರೆಫರಿ ಬಾವುಟ ನನ್ನ ಕೈಗಿಟ್ಟರು:
ಬಿದಿರು ಕಡ್ಡಿ, ಹಳೇ ಕೆಂಪು ಲಂಗದ ತುಂಡು.

ಗೋಲಿನಲ್ಲಿ ಮಂಡಿಮೊಹಲ್ಲಾದ ಖೈರುನ್ನೀಸಾ,
ಮನೆಯಲ್ಲಿ ಹೊಲಿಗೆ ಕ್ಲಾಸು ಅಂತ ಹೇಳಿ ಬಂದವಳು.
ಅದಕ್ಕೇ ಅವಳ ಚೀಲದಲ್ಲಿ ಸದಾ ಅರ್ಧ ಹೊಲಿದ ರವಿಕೆ.
ಎರಡು ವರ್ಷ, ಅದೇ ರವಿಕೆ.
ಎಡಗಡೆ ರೈಲ್ವೆ ಗಾರ್ಡ್ ಸಾಹೇಬರ ಮಗಳು ನೊರೀನ್.
ಚೆಂಡು ಅವಳದು, ಹಾಗಾಗಿ ಕ್ಯಾಪ್ಟನ್ನೂ ಅವಳೇ.
ಮುಂದೆ, ಒಂಟಿ, ಕೆಂಚಿ.

ಹಾಸ್ಟೆಲ್ ರಿಜಿಸ್ಟರಿನಲ್ಲಿ ಅವಳು ಕಾಂಚನಮಾಲ;
ವಾರ್ಡನ್ನಮ್ಮನಿಗೆ ಕೆಂಚಿ ಅಂತ ಬರೆಯಲು ಕೈ ಬರಲಿಲ್ಲವಂತೆ.
ಕೋಟೆ ತಾಲ್ಲೂಕಿನ ಜೇನುಕುರುಬರ ಹಾಡಿಯವಳು.
'ಜೇನುಮರದಿಂದ ಜಿಗಿದಂತೆ ಹೆಡ್ ಮಾಡುತ್ತಾಳೆ'
ಅಂತ ಪೇಪರಿನವನೊಬ್ಬ ಬರೆದಿದ್ದ.
ಓದಿ ಹೇಳಿದಾಗ ಬಿದ್ದು ಬಿದ್ದು ನಕ್ಕಳು.
ಅವಳಿಗೆ ಹಾಸ್ಟೆಲಿನ ಮಹಡಿ ಹತ್ತಿದರೇ ತಲೆ ತಿರುಗುತ್ತಿತ್ತು.

ಅವಳ ತಲೆಗೆ ಹೋಗದ್ದು ಒಂದೇ, ಆಫ್‌ಸೈಡ್.
ಮೇಷ್ಟ್ರು ನೆಲದಲ್ಲಿ ಕಲ್ಲು ಜೋಡಿಸಿ ತೋರಿಸಿದರು:
ಇದು ನೀನು, ಇವು ಅವರು,
ಅವರು ಮುಂದೆ ಸರಿದರೆ ಗೆರೆಯೂ ಸರಿಯುತ್ತೆ,
ನೀನು ನಿಂತಲ್ಲೇ ನಿಂತಿದ್ದರೂ ತಪ್ಪು ನಿನ್ನದೇ.
ಕೆಂಚಿ ಆ ಕಲ್ಲುಗಳನ್ನು ಬಹಳ ಹೊತ್ತು ನೋಡಿದಳು.
'ಫಾರೆಸ್ಟ್‌ನೋರೂ ಹಿಂಗೇ ಅಂದ್ರು ಸಾ.
ನಾವು ಎಲ್ಲೂ ಹೋಗಿರ್ನಿಲ್ಲ. ಗೆರೆ ಬಂತು.'
ಮೇಷ್ಟ್ರು ಕಲ್ಲು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಆವತ್ತು ಎದುರಿಗೆ ಚಿನ್ನದ ಗಣಿಯ ಹುಡುಗಿಯರು,
ಎಲ್ಲರಿಗೂ ಒಂದೇ ಬಣ್ಣದ ಚಡ್ಡಿ ಇದ್ದವರು.
ಒಂದಕ್ಕೊಂದು ಸಮ.
ಸೈರನ್ ಕೂಗಿ ಪಾಳಿ ಬಿಟ್ಟ ಫಿಟ್ಟರುಗಳು
ಸೈಕಲ್ ಒರಗಿಸಿ ಬೇಲಿಗುಂಟ ನಿಂತರು,
ಕಾಲು ನೋಡಲು ಬಂದವರು
ಕಾಲು ಮರೆತು ಆಟ ನೋಡುತ್ತಿದ್ದರು.
ಎರಡು ಸೈಜು ದೊಡ್ಡ ಬೂಟು ಬಿಚ್ಚಿ
ಕೆಂಚಿ ನನ್ನ ಪಕ್ಕ ಇಟ್ಟು ಹೋಗಿದ್ದಳು,
'ನೋಡ್ಕೋ' ಅಂತ, ನಾಯಿಮರಿ ಒಪ್ಪಿಸುವ ಹಾಗೆ.

ನೊರೀನ್ ಕಾಲೆತ್ತಿದಳು.
ಗಣಿಯ ನಾಲ್ವರೂ ಒಮ್ಮೆಗೇ ಒಂದು ಹೆಜ್ಜೆ ಮುಂದಿಟ್ಟರು,
ಕಲಿತು ಬಂದಿದ್ದರು.
ಒದೆ ಮೊದಲೋ, ಹೆಜ್ಜೆ ಮೊದಲೋ.
ಕೆಂಚಿ ಇದ್ದಲ್ಲೇ ಇದ್ದಳು, ಆಮೇಲೆ ಇರಲಿಲ್ಲ.
ಬಲೆ ಇಲ್ಲದ ಗೋಲು ದಾಟಿ ಚೆಂಡು
ಕಲ್ಲಿದ್ದಲ ಗುಡ್ಡೆಗೆ ಬಡಿದು ಕರಿ ಧೂಳೆದ್ದಿತು.
ಬೇಲಿಯುದ್ದಕ್ಕೂ ಸೈಕಲ್ ಬೆಲ್ಲು.

ನನ್ನ ಕೈ ಮೇಲಿತ್ತು.

ಹೊಟ್ಟೆಕಿಚ್ಚೆ? ಹನ್ನೆರಡನೆಯವಳ ಹೊಟ್ಟೆ, ಇದ್ದರೂ ಇರಬಹುದು.
'ಹೆಂಗಸರ ಬಾವುಟ, ನಮ್ಮೋಳು ಅಂತ ಬಿಟ್ಲು'
ಅಂದಾರೆಂಬ ದಿಗಿಲೆ?
ಅಥವಾ ನಿಜವಾಗಿ ಕಂಡಿತ್ತೆ, ಒಂದು ಗೇಣು?

ಕೆಂಚಿ ಬಂದಳು. ಬೈಯಲಿಲ್ಲ.
ಬೂಟಿನ ದಾರ ಗಂಟು ಹಾಕಿ ಹೆಗಲಿಗೆ ತೂಗುಬಿಟ್ಟು
'ಸರಿಯಾಗಿ ನೋಡ್ದ್ಯಾ?' ಅಂದಳು.
ಹೂಂ ಅಂದೆ.

ಮಾರನೇ ವರ್ಷ ರಜೆಗೆ ಹೋದವಳು ತಿರುಗಿ ಬರಲಿಲ್ಲ.
ಹಾಡಿ ಇದ್ದಲ್ಲಿ ಹಾಡಿ ಇರಲಿಲ್ಲವಂತೆ.
ಹುಡುಕಿಕೊಂಡು ಹೋದಳೆಂದು ಯಾರೋ ಹೇಳಿದರು,
ಯಾವ ಕಡೆಗೆ ಅಂತ ಕೇಳಲಿಲ್ಲ ನಾನು.

ಈಗ ಆ ಬಯಲಿನಲ್ಲಿ ಹುಡುಗಿಯರಿಗೆ ಕೋಚಿಂಗು,
ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೋಪಿ ಸಾಲು.
'ಅಜ್ಜೀ, ನೀವೂ ಆಡ್ತಿದ್ರಂತೆ?'
ಇಲ್ಲ ಕಣವ್ವ, ಅಂತೀನಿ. ನಿಂಬೆಹಣ್ಣು ಹೆಚ್ಚುತ್ತಿದ್ದೆ.

ಬಟ್ಟೆ ಒಣಹಾಕಲು ತಂತಿಗೆ ಕೈ ಎತ್ತಿದಾಗ
ಒಮ್ಮೊಮ್ಮೆ ಎಲ್ಲೋ ಸೀಟಿ ಊದುತ್ತೆ,
ಇಡೀ ಬೀದಿ ನಿಂತ ಹಾಗಾಗುತ್ತೆ.
ಪಕ್ಕದ ಮನೆ ಕುಕ್ಕರು ಇರಬೇಕು.
ಆದರೂ ಕೈ ಕೂಡಲೇ ಇಳಿಯೋದಿಲ್ಲ.